ಹುಲ್ಲಪ್ಪನ ಅಂಗೈ

ಮಳೆ ಬಂದು ಹೋದ ಮೇಲೆ ಹುಲ್ಲಿನ ಟೆನಿಸ್ ಕೋರ್ಟಿನಲ್ಲಿ ಆಟ ಶುರುವಾಗಬೇಕೋ ಬೇಡವೋ ಎಂದು ಹೇಳುವವನು ರೆಫರಿ. ರೆಫರಿಗೆ ಹೇಳುವವನು ಹುಲ್ಲಪ್ಪ. ಇಪ್ಪತ್ತಾರು ವರ್ಷ ಹುಲ್ಲು ಕತ್ತರಿಸಿ, ರೋಲರ್ ಎಳೆದು, ಅಪ್ಪ ಇಟ್ಟ ಹೆಸರನ್ನು ತಾನೇ ಮರೆತವನು. ಹಿಂದಿನ ಗೆರೆಯ ಬಳಿ, ಆಟಗಾರರ ಕಾಲು ಹೆಚ್ಚು ತಿರುಗುವ ಕಡೆ, ಮಂಡಿಯೂರಿ ಅಂಗೈ ಒತ್ತಿ ಹತ್ತು ಎಣಿಸುತ್ತಾನೆ. ತಣ್ಣಗಿದ್ದರೆ ಕಾಯಬೇಕು. ದುಬಾರಿ ಗಡಿಯಾರ ಕಟ್ಟಿದ ಕೈಗಳೆಲ್ಲ ಈ ಒಂದು ಕೈಗಾಗಿ ಕಾಯುತ್ತವೆ.

ಈ ವರ್ಷ ಆ ಕೈಯೇ ಕೈಕೊಟ್ಟಿತ್ತು. ಒಲೆಯ ಮೇಲಿದ್ದ ಪಾತ್ರೆಯನ್ನು ಅವನು ಬರಿಗೈಯಲ್ಲಿ ಇಳಿಸಿದಾಗ ಹೆಂಡತಿಗೆ ಗೊತ್ತಾಯಿತು.

“ರೀ, ಸುಡ್ತಿಲ್ವಾ?”

“ಇಲ್ಲ ಕಣೆ.”

“ಇನ್ನೊಂದು ಕೈ?”

“ಅದೂ ಇದರ ತಮ್ಮನೇ ಅಲ್ವಾ.”

“ರೆಫರಿಗೆ ಹೇಳ್ಬಿಡಿ.”

“ಹೇಳಿದ್ರೆ ಕೆಲ್ಸ ಹೋಗುತ್ತೆ, ಅದರ ಹಿಂದೆನೇ ಈ ಮನೆ.”

ಮನೆಯೆಂದರೆ ರೋಲರ್ ಶೆಡ್ಡಿನ ಬೆನ್ನಿಗೆ ಅಂಟಿಕೊಂಡ ಎರಡು ಕೋಣೆ. ಊಟಕ್ಕೂ ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲಿನ ಘಮ.

ಟೂರ್ನಿಯ ಕ್ವಾರ್ಟರ್ ಫೈನಲ್ ದಿನ ಮಧ್ಯಾಹ್ನ ಮಳೆ ನಿಂತಿತು. ಟಾರ್ಪಾಲು ಸರಿಸಿದರು. ಹುಲ್ಲಪ್ಪ ಮಂಡಿಯೂರಿದ, ಒತ್ತಿದ, ಎಣಿಸಿದ. ಕೈಗೆ ಏನೂ ತಿಳಿಯಲಿಲ್ಲ. ತಲೆಯೆತ್ತಿದರೆ ಬಿಸಿಲು. ಬಿಸಿಲನ್ನೇ ನಂಬಿದ.

“ಒಣಗಿದೆ ಸರ್.”

ಆಟಗಾರರಲ್ಲೊಬ್ಬನಿಗೆ ಮೂವತ್ತನಾಲ್ಕು. ಹದಿನೈದು ವರ್ಷ ಅರ್ಹತಾ ಸುತ್ತುಗಳಲ್ಲೇ ಸವೆದು, ಮೊದಲ ಸಲ ಇಷ್ಟು ದೂರ ಬಂದಿದ್ದ. ನಾಲ್ಕನೇ ಗೇಮಿನಲ್ಲಿ ಗೆರೆಯ ಬಳಿ ತಿರುಗಿದ. ಪಾದ ಒಂದು ಕಡೆ ಜಾರಿತು, ಮಂಡಿ ಇನ್ನೊಂದು ಕಡೆ. ಮುಖವನ್ನು ಹುಲ್ಲಿಗೊತ್ತಿಕೊಂಡು ಮಲಗಿದ. ಡಾಕ್ಟರು ಬಾಯಿ ಬಿಡುವ ಮೊದಲೇ ಅವನ ಕೋಚ್ ರಾಕೆಟ್‌ಗಳನ್ನು ಚೀಲಕ್ಕೆ ತುಂಬತೊಡಗಿದ.

ಹುಲ್ಲಪ್ಪ ರೆಫರಿಯ ಕೋಣೆಗೆ ಹೋದ.

“ತಪ್ಪು ನಂದು ಸರ್. ಆರು ತಿಂಗಳಿಂದ ನನ್ ಕೈಗೆ ಏನೂ ಗೊತ್ತಾಗಲ್ಲ.”

ರೆಫರಿ ಬರೆಯುವುದನ್ನು ನಿಲ್ಲಿಸಲಿಲ್ಲ. “ನೋಡಪ್ಪಾ, ಶೂ ಸವೆದಿತ್ತು ಅಂತ ವರದಿ ಹೋಗಾಯ್ತು. ಈಗ ನೀನು ಕೈ ಅಂದ್ರೆ ನನ್ ತಲೆ ಹೋಗುತ್ತೆ.”

“ಅವರ ಕಾಲೇ ಹೋಯ್ತಲ್ಲ ಸರ್.”

“ಹೋಯ್ತು. ನೀನು ಹೇಳಿದ್ರೆ ವಾಪಸ್ ಬರುತ್ತಾ? ಎರಡನೇ ಕೋರ್ಟಲ್ಲಿ ಇಬ್ಬರು ಕಾಯ್ತಿದಾರೆ, ಹೋಗಿ ನೋಡು.”

ಹೋದ. ಇಬ್ಬರು ಆಟಗಾರರು ಶೂ ದಾರ ಬಿಗಿದು ಬೆಂಚಿನ ತುದಿಯಲ್ಲಿ ಕುಳಿತು ಅವನ ಬಾಯನ್ನೇ ನೋಡುತ್ತಿದ್ದರು.

ಹುಲ್ಲಪ್ಪ ಮಂಡಿಯೂರಿ ಅಂಗೈ ಒತ್ತಿದ; ಈ ಸಲ ಬಿಸಿಲನ್ನು ನಂಬಲಿಲ್ಲ. “ಇನ್ನೂ ಒದ್ದೆ,” ಎಂದ.

ಅರ್ಧ ಗಂಟೆ ಬಿಟ್ಟು ಕೇಳಿದಾಗಲೂ ಅದನ್ನೇ ಹೇಳಿದ. ಬಿಸಿಲು ಚುರುಗುಟ್ಟುತ್ತಿತ್ತು. ಮೂರನೇ ಸಲ ರೆಫರಿಯೇ ಬಂದು, ಬೂಟಿನ ತುದಿಯಿಂದ ಹುಲ್ಲನ್ನು ಒಮ್ಮೆ ಕೆರೆದು, ಆಟಗಾರರನ್ನು ಕೈಬೀಸಿ ಕರೆದ. ಇನ್ನೂ ಮಂಡಿಯೂರಿದ್ದ ಹುಲ್ಲಪ್ಪನಿಗೆ, ಸ್ವಲ್ಪ ಆಚೆ ಸರಿಯುವಂತೆ ಯಾರೋ ಹೇಳಬೇಕಾಯಿತು.