ಐದನೆಯ ಗಾಲಿಗೂ ಎಣ್ಣೆ

ಔಡಲ ಎಣ್ಣೆ ಸುಟ್ಟ ವಾಸನೆ ಬಂದರೆ ನಮ್ಮ ಮನೆಯವರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೋ, ಎದೆ ತಣ್ಣಗಾಗುತ್ತದೆ. ಮುಚ್ಚಿಕೊಳ್ಳಲಿ ಬಿಡಿ. ಓಟದ ಮೋಟಾರು ಎಂದರೇನೆಂದು ಅವರಿಗೇನು ಗೊತ್ತು? ಈಗ ರಸ್ತೆಯ ಮೇಲೆ ಓಡಾಡುವ ಡಬ್ಬಿಗಳಿಗೆ ಕಾರು ಅನ್ನುವವರ ಜೊತೆ ನಾನು ವಾದಕ್ಕೆ ನಿಲ್ಲುವುದಿಲ್ಲ. ನಿಂತರೆ ಊಟದ ಹೊತ್ತು ಮೀರುತ್ತದೆ.

ನಿಜಾಮರ ಕಾಲದ ಮಾತಿದು. ನಾನು ಬೀದರಿನಲ್ಲಿ ಒಬ್ಬ ಜಾಗೀರದಾರ ಸಾಹೇಬರ ಮನೆಯ ಡ್ರೈವರನಾಗಿದ್ದೆ. ನನ್ನ ಪಾಲಿಗೆ ಬಂದದ್ದು ಮನೆಯ ಹೆಂಗಸರ ಮೋಟಾರು. ನಾಲ್ಕೂ ಕಡೆ ಪರದೆ. ಒಳಗೆ ಕೂತವರಿಗೆ ಧೂಳು ತಾಗಬಾರದು, ಮೈ ಕುಲುಕಬಾರದು. ಎತ್ತಿನ ಗಾಡಿಯವರು ನನ್ನನ್ನು ಹಿಂದೆ ಹಾಕಿ, ತಿರುಗಿ ನೋಡಿ, ನಕ್ಕು ಹೋಗುತ್ತಿದ್ದರು. ಮೈಲೂರಿನಿಂದ ಕೋಟೆಯ ತನಕ, ಕೋಟೆಯಿಂದ ಮೈಲೂರಿನ ತನಕ. ಏಳು ವರ್ಷ ಹೀಗೇ ತೆವಳಿದೆ ನಾನು!

ಆಮೇಲೆ ಅದು ಬಂತು. ಬೊಂಬಾಯಿಯಿಂದ ಒಬ್ಬ ಡ್ರೈವರು ಓಡಿಸಿಕೊಂಡು ಬಂದ. ನಮ್ಮ ಬೀದರಿನ ಮಣ್ಣಿಗಿಂತಲೂ ಒಂದು ಕೈ ಹೆಚ್ಚು ಕೆಂಪು. ಇಡೀ ಗಾಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಬಾನೆಟ್ಟೇ. ಅದನ್ನು ಎರಡು ಚರ್ಮದ ಪಟ್ಟಿ ಬಿಗಿದು ಕಟ್ಟಿತ್ತು, ಇಲ್ಲದಿದ್ದರೆ ಇಂಜಿನ್ನು ಎಗರಿ ಹೊರಬಿದ್ದೀತು ಎಂಬ ಹಾಗೆ. ಸೀಟು ಎರಡೇ. ಬಾಗಿಲು ಒಂದೇ. ಬಲಗಡೆಯಿಂದ ಹೊಗೆಯ ಮೂರು ಕೊಳವೆಗಳು ಹೊರಬಂದು, ಬಾಗಿ, ಹಿಂದಕ್ಕೆ ಹೋಗಿದ್ದವು. ಗೇರಿನ ಕೋಲು, ಕೈಬ್ರೇಕು ಎರಡೂ ಹೊರಗೆ. ತಂತಿಯ ಗಾಲಿಗಳು. ಬಾಲದ ಮೇಲೆ ಐದನೆಯ ಗಾಲಿಯೊಂದನ್ನು ಬೆಲ್ಟು ಹಾಕಿ ಮಲಗಿಸಿದ್ದರು. ನಾನು ಅದರ ಸುತ್ತ ಎಷ್ಟು ಸುತ್ತು ಬಂದೆನೆಂದರೆ, ಸಾಹೇಬರು, "ಪ್ರದಕ್ಷಿಣೆ ಮುಗೀತೇನೋ?" ಅಂದರು.

ಅದನ್ನು ಒಲಿಸಿಕೊಳ್ಳುವುದು ಸುಲಭವಲ್ಲ. ಪೆಟ್ರೋಲು ತಾನಾಗಿ ಇಂಜಿನ್ನಿಗೆ ಬಾರದು. ಮೊದಲು ಸಣ್ಣ ಕೈಪಂಪಿನಿಂದ ಟಾಕಿಗೆ ಗಾಳಿ ಒತ್ತಬೇಕು. ಗೇರು ಬದಲಿಸಲು ಕ್ಲಚ್ಚನ್ನು ಎರಡು ಸಲ ತುಳಿಯಬೇಕು, ನಡುವೆ ಇಂಜಿನ್ನಿನಿಂದ ಒಂದು ಕೂಗು ಹಾಕಿಸಬೇಕು. ಸರಿಯಾಗಿ ಹಾಕಿಸಿದಿರೋ, ಗೇರು ಸದ್ದಿಲ್ಲದೆ ಹೋಗಿ ಕೂರುತ್ತದೆ. ತಪ್ಪಿದಿರೋ, ಇಡೀ ಓಣಿಗೆ ಕೇಳುವಂತೆ ಬೈಯುತ್ತದೆ. ಎಲ್ಲಕ್ಕಿಂತ ಸೋಜಿಗವೆಂದರೆ, ಆ ವಿಲಾಯತಿ ಇಂಜಿನ್ನು ಕುಡಿಯುತ್ತಿದ್ದುದು ನಮ್ಮ ಔಡಲ ಎಣ್ಣೆ! ಬೇರೆ ಎಣ್ಣೆ ಹಾಕಿದರೆ ಕೆಡುತ್ತದೆ ಅಂದ ಬೊಂಬಾಯಿಯವನು. ನನಗೆ ಹಿಡಿಸಲಾರದ ಹೆಮ್ಮೆ.

ಬೊಂಬಾಯಿಯವನು ಎಂಟು ದಿನ ಕಲಿಸಿ ಊರಿಗೆ ಹೋದ. ಸಾಹೇಬರ ಮನಸ್ಸು ಅವನನ್ನೇ ಖಾಯಂ ಕರೆಸಿಕೊಳ್ಳುವುದರಲ್ಲಿತ್ತು. ಈ ಗಾಡಿ ನನಗೇ ಕೊಡಿ ಎಂದು ನಾನು ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. ಅವರು ಹೇಳಿದರು: "ನಾನು ಔರಾದಿಗೆ ಮುಂಚೆ ಹೋಗಿರ್ತೀನಿ. ನೀನು ಭಾಲ್ಕಿ ಮೇಲಿಂದ ಗಾಡಿ ತಗೊಂಡು ಬಾ. ಮಾಂಜ್ರಾ ದಂಡೆಗೆ ಬಂದು ನಿಲ್ಲಿಸು, ಎತ್ತು ಕಳಿಸ್ತೀನಿ, ಅವು ಎಳೆದು ದಾಟಿಸ್ತಾವೆ. ಗಾಡಿಗೆ ಏನೂ ಆಗದೆ ವಾಪಸ್ ಬೀದರಿಗೆ ಬಂದರೆ ನೋಡೋಣ. ಏನಾದರೂ ಆಯ್ತೋ, ಮತ್ತೆ ಪರದೆ ಮೋಟಾರೇ."

ಊರಂಚಿನ ನೌಬಾದ ದಾಟುವ ತನಕ ಮಾತ್ರ ಹದ್ದುಬಸ್ತಿನಲ್ಲಿದ್ದೆ. ಆಮೇಲೆ ಬಿಟ್ಟೆ ನೋಡಿ! ಗಾಳಿಗೆ ರುಮಾಲು ಹಾರಿ ಕೊರಳಿಗೆ ಬಂತು. ಕಣ್ಣಲ್ಲಿ ನೀರು, ಬಾಯಲ್ಲಿ ಧೂಳು, ನಗು ಮಾತ್ರ ನಿಲ್ಲಲೊಲ್ಲದು. ಏಳು ವರ್ಷದ ತೆವಳಾಟ ಒಂದೇ ಗಳಿಗೆಯಲ್ಲಿ ತೀರಿಹೋಯಿತು.

ಭಾಲ್ಕಿಯಲ್ಲಿ ನಮ್ಮ ಅಕ್ಕನ ಮನೆ. ಅವಳ ಮಾವನವರು ಹಳೆಯ ಒಕ್ಕಲುತನದ ಮನುಷ್ಯ, ಹಣೆ ತುಂಬ ವಿಭೂತಿ, ಮಾತು ಕಡಿಮೆ. ಮೋಟಾರಿನ ಸುತ್ತ ನಿಧಾನಕ್ಕೆ ನಡೆದು, ಬಗ್ಗಿ ಮೂಸಿ ನೋಡಿದರು.

"ತಮ್ಮಾ, ಇದು ಔಡಲ ಎಣ್ಣಿ ವಾಸನಿ ಅಲ್ಲೇನು?"

"ಹೌದ್ರಿ ಮಾವಾರ! ಇದಕ್ಕ ಬ್ಯಾರೆ ಎಣ್ಣಿ ನಡೆಂಗಿಲ್ರಿ. ನಮ್ಮ ಹೊಲದಾಗಿನ ಔಡಲ ಎಣ್ಣೀನೇ ಆಗಬೇಕು," ಎಂದೆ ನಾನು, ಆ ಇಂಜಿನ್ನನ್ನು ನಾನೇ ಮಾಡಿದವನ ಹಾಗೆ.

"ಅಬ್ಬಾ! ಅಂದ್ರ ನಮ್ಮ ಗಾಡಿ ಜಾತೀದೇ ಅದ," ಎಂದು ತಲೆಯಾಡಿಸಿದರು. ನಾನು ನಕ್ಕು ಒಳಗೆ ಹೋಗಿ ಊಟಕ್ಕೆ ಕೂತೆ. ಅಕ್ಕ ರೊಟ್ಟಿಯ ಮೇಲೆ ರೊಟ್ಟಿ ಹಾಕಿದಳು, ಹಿಂಡಿ ಪಲ್ಯ, ಕಟ್ಟಿನ ಸಾರು. ಸಾವಕಾಶವಾಗಿ ಉಂಡು, ಹೊರಗೆ ಬಂದು, ಕಾಲಿಗೆ ಬಿದ್ದು, ಹೊರಟೆ.

ನಮ್ಮ ಕಡೆ ಒಂದು ಪದ್ಧತಿಯಿದೆ. ಬೀಗರ ಗಾಡಿ ಮನೆಗೆ ಬಂದರೆ, ಮರಳಿ ಹೊರಡುವ ಮುಂಚೆ ಮನೆಯ ಯಜಮಾನ ತನ್ನ ಕೈಯಾರೆ ಅದರ ಅಚ್ಚಿಗೆ ಕೀಲೆಣ್ಣೆ ಹಾಕಬೇಕು. ಔಡಲ ಎಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಗಟ್ಟಿ ಎಣ್ಣೆ ಅದು. ಬೀಗರ ಗಾಡಿ ಕಿರ್ರೆಂದು ಒಣ ಅಚ್ಚಿನಲ್ಲಿ ಊರು ದಾಟಿದರೆ ಆ ಮನೆಯ ಮರ್ಯಾದೆ ಹೋದ ಹಾಗೆ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಆದರೂ ಹೊಳೆಯಲಿಲ್ಲ. ಹೊಳೆದೀತು ಹೇಗೆ? ತಲೆ ತುಂಬ ಮೋಟಾರು.

ಮಾಂಜ್ರಾ ದಂಡೆಗೆ ಇಳಿಜಾರು ಶುರುವಾಯಿತು. ಬ್ರೇಕು ತುಳಿದೆ. ಕಾಲು ತಳದ ತನಕ ಹೋಯಿತು, ಗಾಡಿ ನಿಲ್ಲಲಿಲ್ಲ. ಕೈಬ್ರೇಕು ಎಳೆದೆ. ಅದೂ ಬಂತು, ಗಾಡಿ ಮಾತ್ರ ತನ್ನ ಪಾಡಿಗೆ ತಾನು ಇಳಿಯುತ್ತಿದೆ! ಆ ಗಾಡಿಗೆ ಬ್ರೇಕು ಇದ್ದದ್ದು ಹಿಂದಿನ ಎರಡು ಗಾಲಿಗೆ ಮಾತ್ರ, ಅವೆರಡೂ ಕೈಕೊಟ್ಟಿದ್ದವು. ಎದುರು ದಂಡೆಯಲ್ಲಿ ಸಾಹೇಬರು, ಜೋಡಿ ಎತ್ತು, ಹಗ್ಗ ಹಿಡಿದ ಆಳುಗಳು. "ನಿಲ್ಸು! ನಿಲ್ಸು!" ಎಂದು ಕೈ ಬೀಸುತ್ತಿದ್ದಾರೆ. ನಾನೂ ಅದನ್ನೇ ಹೇಳುತ್ತಿದ್ದೆ, ಶಿವನಿಗೆ.

ಉಳಿದದ್ದು ಗೇರು. ಕ್ಲಚ್ಚು, ಕೂಗು, ಮತ್ತೆ ಕ್ಲಚ್ಚು. ಮೂರರಿಂದ ಎರಡು. ಇಂಜಿನ್ನು ಗರ್ಜಿಸಿ ಹಿಂದಕ್ಕೆ ಎಳೆಯಿತು. ಎರಡರಿಂದ ಒಂದು. ಗೇರು ಒಂದು ಮಾತೂ ಬೈಯದೆ ಕೂತಿತು. ಅದರ ಋಣ ನಾನು ಮರೆಯುವುದಿಲ್ಲ. ನಿಲ್ಲುವುದಂತೂ ಆಗದ ಮಾತು ಅನ್ನಿಸಿದಾಗ, ಹೆಬ್ಬಂಡೆಗಳನ್ನು ತಪ್ಪಿಸಿ ನೇರ ನೀರಿಗೇ ಇಳಿಸಿದೆ. ಬೇಸಿಗೆಯ ಹೊಳೆ, ಮೊಣಕಾಲಿಗಿಂತ ಕೆಳಗೆ. ಎರಡೂ ಕಡೆ ನೀರೆದ್ದಿತು, ಮೂರು ಕೊಳವೆಯೂ ಉಗುಳಿದವು, ಎತ್ತುಗಳು ಬೆದರಿ ಹಗ್ಗ ಕಿತ್ತವು. ಆಚೆ ದಂಡೆಯ ಮರಳಿನಲ್ಲಿ ಹೂತು ಗಾಡಿ ತಾನೇ ನಿಂತಿತು. ನಾನು ಬದುಕಿದ್ದೆ. ಗಾಡಿಗೆ ಒಂದು ಗೀರೂ ಇಲ್ಲ.

ಸಾಹೇಬರು ಓಡಿ ಬಂದರು. ಹೊಡೆಯುತ್ತಾರೆ ಎಂದುಕೊಂಡೆ. "ಕ್ಯಾ ಚಲಾಯಾ ಮಿಯಾಂ!" ಎಂಥ ಓಡಿಸಿದೆಯಪ್ಪಾ, ಎಂದು ಬೆನ್ನು ತಟ್ಟಿದರು. ಎತ್ತಿನ ಹಂಗಿಲ್ಲದೆ ಹೊಳೆ ದಾಟಿಸುವ ಗಂಡೆದೆ ತೋರಿಸಿದೆ ಎಂದು ತಿಳಿದಿದ್ದರು! ನಾನು ಸಲಾಮು ಹೊಡೆದೆ; ಬ್ರೇಕಿನ ಸಂಗತಿ ಹೇಳಲಿಲ್ಲ. ಹೇಳಿದರೆ ಪರದೆ ಮೋಟಾರು.

ಔರಾದಿನಲ್ಲಿ ಒಬ್ಬನೇ ಕೂತು ಹಿಂದಿನ ಗಾಲಿ ಬಿಚ್ಚಿದೆ. ಬ್ರೇಕಿನ ಡ್ರಮ್ಮಿನೊಳಗೆ ಕರ್ರಗೆ ಕೀಲೆಣ್ಣೆ! ನಾನು ಊಟಕ್ಕೆ ಕೂತಿದ್ದಾಗ ಮಾವನವರು ಹಿಂಬದಿಯ ಸಂದಿಯಲ್ಲಿ ಬೆರಳಿನಿಂದ ಒತ್ತೊತ್ತಿ ತುಂಬಿ, ಹೊರಗೆ ಬಟ್ಟೆಯಿಂದ ಚೊಕ್ಕ ಒರೆಸಿದ್ದರು. ವಾಸನೆ ಬಂದರೂ ನನಗೆ ಸಂಶಯ ಬರುವ ಹಾಗಿರಲಿಲ್ಲ. ಆ ಗಾಡಿ ಮೊದಲೇ ಔಡಲ ನಾರುತ್ತಿತ್ತು. ಎಂಥ ಸಿಟ್ಟು ಬಂತು! ಮುದುಕನನ್ನು ಬಾಯಿಗೆ ಬಂದಂತೆ ಬೈದೆ. ಎರಡು ದಿನ ಪೆಟ್ರೋಲಿನಲ್ಲಿ ತೊಳೆಯುತ್ತ, ಭಾಲ್ಕಿಯಲ್ಲಿ ಇಳಿದು ಅವರಿಗೆ ಏನೇನು ಅನ್ನಬೇಕೆಂದು ಸಾಲು ಹಚ್ಚಿಕೊಂಡೆ.

ಮರಳುವಾಗ ಸಾಹೇಬರು ಪಕ್ಕದ ಸೀಟಿನಲ್ಲಿದ್ದರು. ಭಾಲ್ಕಿಯಲ್ಲಿ ಅಕ್ಕನ ಮನೆಯ ಮುಂದೆ ನೀರಿಗೆಂದು ನಿಲ್ಲಿಸಿದೆ. ಅಕ್ಕ ತಂಬಿಗೆ ತಂದಳು. ಹಿಂದೆಯೇ ಮಾವನವರು, ಕೈಯಲ್ಲಿ ಎಣ್ಣೆಯ ಗಡಿಗೆ.

"ಬ್ಯಾಡ್ರಿ ಮಾವಾರ!" ಎಂದು ಜಿಗಿದು ಗಾಲಿಗೆ ಅಡ್ಡ ನಿಂತೆ.

ಅವರ ಮುಖ ಬಾಡಿತು. "ಯಾಕ ತಮ್ಮಾ? ನಮ್ಮ ಮನಿ ಎಣ್ಣಿ ಬ್ಯಾಡಾತೇನು? ಆವತ್ತ ಹಾಕಿದ್ದು ಸರಿ ಹೋಗಲಿಲ್ಲೇನು?"

ಕಟ್ಟಿಕೊಂಡು ಬಂದ ಬೈಗುಳ ಒಂದೂ ನಾಲಿಗೆಗೆ ಬರಲಿಲ್ಲ. ಆ ಕೈ ಹಾಗೆ ಗಡಿಗೆ ಹಿಡಿದು ನಿಂತದ್ದನ್ನು ನೋಡಿ ಹೇಗೆ ಬಂದೀತು? "ಭಾಳ ಚಲೋ ಆಗ್ಯಾದ್ರಿ. ಆ ನಾಕಕ್ಕ ಇನ್ನೂ ಸಾಕಷ್ಟು ಅದ. ಈ ಐದನೇದು ಉಳದದ, ಇದಕ್ಕ ಹಾಕ್ರಿ," ಎಂದು ಬಾಲದ ಮೇಲೆ ಮಲಗಿದ್ದ ಗಾಲಿ ತೋರಿಸಿದೆ.

ಮಾವನವರು ಅದರ ನಡುಗುಂಡಿಗೆ ಎಣ್ಣೆ ತುಂಬಿದರು. ಅವಸರವಿಲ್ಲದೆ, ಬೆರಳಿನಿಂದ ಒತ್ತಿ, ಬಟ್ಟೆಯಿಂದ ಒರೆಸಿ. ಸಾಹೇಬರು ತಿರುಗಿ ಕೂತು ಅದನ್ನೇ ನೋಡುತ್ತಿದ್ದರು. ಆ ಕರಿಯನ್ನು ನೋಡಿದರು. ನನ್ನನ್ನು ನೋಡಿದರು.

"ಆ ದಿನ ಹೊಳೆಯಲ್ಲಿ ಬ್ರೇಕು ಇರಲಿಲ್ಲ, ಅಲ್ಲವೇ?" ಎಂದರು ಮೆಲ್ಲಗೆ, ದಖನಿ ಉರ್ದುವಿನಲ್ಲಿ.

ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ಇರಲಿಲ್ಲ ಹುಜೂರ್. ಧೈರ್ಯವೂ ಇರಲಿಲ್ಲ. ನಿಲ್ಲಿಸಲು ಬಹಳ ನೋಡಿದೆ."

ಅವರು ಮುಂದಕ್ಕೆ ತಿರುಗಿ ಕೂತು, ಹೊರಡು ಎಂದು ಕೈ ಮಾಡಿದರು. ನಾನು ಮನಸ್ಸಿನಲ್ಲೇ ಆ ಗೇರಿನ ಕೋಲಿಗೆ, ಆ ಮೂರು ಕೊಳವೆಗೆ ಕೈಮುಗಿದೆ; ಮುಗಿಯಿತು ನಮ್ಮ ಋಣ ಎಂದುಕೊಂಡೆ. ಊರು ದಾಟಿತು. ಹೊಲ ದಾಟಿದವು. ಕೊನೆಗೆ ಸಾಹೇಬರು ನನ್ನ ಕಡೆ ತಿರುಗಿದರು.

"ಬ್ರೇಕು ಇದ್ದರೆ ಬೊಂಬಾಯಿಯವನೂ ಓಡಿಸುತ್ತಾನೆ," ಎಂದರು. "ಅವನಿಗೆ ಬರಬೇಡ ಅಂತ ಕಾಗದ ಹಾಕುತ್ತೇನೆ. ಸ್ವಲ್ಪ ಜೋರಾಗಿ ಹೋಗು."

ನನಗೆ ಎದುರಿನ ರಸ್ತೆ ಕಾಣದಷ್ಟು ಕಣ್ಣು ತುಂಬಿತು. ಗಾಳಿಗೆ ಎಂದು ಒರೆಸಿಕೊಂಡೆ. ಎಷ್ಟು ಹಗುರಾದೆನೆಂದರೆ, ನೌಬಾದ ಬಂದದ್ದೇ ಗೊತ್ತಾಗಲಿಲ್ಲ.

ಆ ಗಾಡಿಯನ್ನು ನಾನು ಹನ್ನೊಂದು ವರ್ಷ ನಡೆಸಿದೆ. ಮಾವನವರು ಇರುವ ತನಕ ಭಾಲ್ಕಿಗೆ ಹೋದಾಗಲೆಲ್ಲ ಅವರು ಗಡಿಗೆ ಹಿಡಿದು ನೇರ ಬಾಲದ ಕಡೆಗೇ ನಡೆಯುತ್ತಿದ್ದರು. ಕೊನೆಯ ಸಲ, ಎಣ್ಣೆ ಒತ್ತುತ್ತ, ನನ್ನ ಕಡೆ ನೋಡದೆಯೇ ಹೇಳಿದರು: "ಇದು ತಿರಗಂಗಿಲ್ಲ ಅಂತ ನನಗ ಗೊತ್ತದ ತಮ್ಮಾ. ಆದ್ರೂ ಒಣಾ ಹ್ಯಾಂಗ ಕಳಸಬೇಕು?"