ಜಗಲಿಯ ಮೇಲಿನ ಒನೇಲಿಯಾ

ಸಾಂತೊ ದೊಮಿಂಗೊದ ಚೀಚೊನ ಅಂಗಡಿಯ ಟಿವಿಯಲ್ಲಿ ಬೇಸ್‌ಬಾಲ್ ನೋಡಲು ಕೇರಿಗೆ ಕೇರಿಯೇ ಸೇರುತ್ತಿತ್ತು. ಒನೇಲಿಯಾಗೆ ಮಾತ್ರ ಹೊರಗಿನ ಜಗಲಿ. ಹಿಂದೊಮ್ಮೆ ಅವಳು ಬಾಳೆಕಾಯಿ ಕರಿಯಲು ಎದ್ದುಹೋದಾಗ ಸೋಲುತ್ತಿದ್ದ ಕೇರಿಯವರ ಮೆಚ್ಚಿನ ತಂಡ ಗೆದ್ದುಬಿಟ್ಟಿತ್ತು. ಅಂದಿನಿಂದ ಅವಳು ನೋಡಿದರೆ ಸೋಲು, ನೋಡದಿದ್ದರೆ ಗೆಲುವು ಎಂದಾಯಿತು. ಅವಳ ನೀಲಿ ಟೋಪಿ ಜಗಲಿಯ ಬಿಸಿಲಿಗೇ ಮಾಸಿತು.

ಈ ವರ್ಷದ ಫೈನಲ್‌ನ ಕೊನೆಯ ಗಳಿಗೆ.

"ಒನೇಲಿಯಕ್ಕಾ, ಕಾಲಿಗೆ ಬೀಳ್ತೀನಿ, ಈ ಕಡೆ ತಿರುಗ್ಬೇಡಿ!" ಎಂದು ಚೀಚೊ ಒಳಗಿನಿಂದ ಕೂಗಿದ.

"ನಿನ್ನ ಬಾಯಿಗಿಷ್ಟು ಮಣ್ಣು ಹಾಕ! ರಸ್ತೇನೇ ನೋಡ್ತಿದೀನಿ ಕಣೋ" ಎನ್ನುತ್ತಲೇ ಅವಳು ಕಿಟಕಿಯ ಸಂದಿಗೆ ಕಣ್ಣಿಟ್ಟಳು. ಟಿವಿಯಲ್ಲಿ ತಮ್ಮ ತಂಡದ ಹುಡುಗ ಹೊಡೆದ ಚೆಂಡು ಬೇಲಿ ದಾಟಿ ಜನರ ನಡುವೆ ಬಿದ್ದದ್ದನ್ನು ಕಣ್ತುಂಬ ಕಂಡಳು.

ಎಲ್ಲರೂ ಹೊರಗೋಡಿ ಬಂದು ಅವಳನ್ನು ಎತ್ತಿ ಕುಣಿದರು. "ನಿಮ್ಮಿಂದ್ಲೇ ಗೆದ್ವಿ ಅಕ್ಕಾ!"

ಒನೇಲಿಯಾ ಟೋಪಿ ಸರಿಮಾಡಿಕೊಂಡು ಕೇಳಿದಳು: "ಹೊಡ್ದಿದ್ದು ಯಾರೋ?"