ಬೆರಳಿಗೆ ಶಾಯಿ ಹಚ್ಚದ ಓಟು

ಎರಡು ವರ್ಷದ ಹಿಂದಿನ ಮಾತು. ಲಂಡನ್ನಿನ ಹೇಸ್‌ನಲ್ಲಿ, ನಮ್ಮ ವಾರ್ಡಿನ ಕೌನ್ಸಿಲರ್ ತೀರಿಕೊಂಡು ಉಪಚುನಾವಣೆ ಬಂದಿತ್ತು. ನಾನು ಓದಿದ್ದು ಕುಂದಾಪುರದ ಹತ್ತಿರ ನಾಲ್ಕನೇ ಕ್ಲಾಸಿನವರೆಗೆ. ರಾಜಕೀಯ ನನಗೆ ತಿಳಿಯುವುದಿಲ್ಲ. ಆದರೆ ಆ ಸಲದ ಓಟು ನಮ್ಮ ಹಾಲ್‌ಗಾಗಿ ಇತ್ತು.

ರಸ್ತೆಯ ತುದಿಯಲ್ಲಿ ಹಳೆಯ ಕಮ್ಯೂನಿಟಿ ಹಾಲ್. ಮಂಗಳವಾರ ಅಲ್ಲಿ ನಮ್ಮಂಥ ಮುದುಕಿಯರಿಗೆ ಮಧ್ಯಾಹ್ನದ ಊಟ, ಹರಟೆ. ಗುಜರಾತಿನವರು, ಪಂಜಾಬಿನವರು, ಮಂಗಳೂರಿನ ಲಿಲ್ಲಿ ಬಾಯಿ, ನಾನು. ಮಗಳು ಅಳಿಯ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ನಾನು ಮನುಷ್ಯರ ಮುಖ ನೋಡುತ್ತಿದ್ದದ್ದು ಅಲ್ಲಿ ಮಾತ್ರ. ಅದನ್ನು ಕೆಡವಿ ಫ್ಲ್ಯಾಟ್ ಕಟ್ಟಿಸುತ್ತೇನೆ ಎಂದು ಒಬ್ಬ ನಿಂತಿದ್ದ. ಉಳಿಸುತ್ತೇನೆ ಎಂದು ಒಬ್ಬಳು ನಿಂತಿದ್ದಳು. "ನಮ್ಮದು ಒಂದು ಓಟೂ ತಪ್ಪಬಾರ್ದು" ಎಂದು ಎಲ್ಲರಿಂದ ಮಾತು ತೆಗೆದುಕೊಂಡವಳು ಲಿಲ್ಲಿ ಬಾಯಿಯೇ.

ನನ್ನದು ಇಂಡಿಯಾ ಪಾಸ್‌ಪೋರ್ಟು, ನನಗೆಲ್ಲಿಯ ಓಟು ಎಂದುಕೊಂಡಿದ್ದೆ. ಅಳಿಯ ಸುಧಾಕರ ನಕ್ಕ. ಅವನು ನನ್ನ ಅಣ್ಣನ ಮಗನೇ.

"ಇಂಡಿಯಾ ಕಾಮನ್‌ವೆಲ್ತ್ ದೇಶ ಅಲ್ವಾ, ನಮಗೂ ಇಲ್ಲಿ ಓಟು ಉಂಟು ಅತ್ತೆ. ನಿಮ್ಮ ಹೆಸರು ನಾನೇ ಸೇರಿಸಿದ್ದೇನೆ."

ಓಟಿನ ದಿನ ಬೆಳಿಗ್ಗೆ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಮೇಲೆ ಕೋಟು ಹಾಕಿಕೊಂಡು ಹೋದೆ. ಓಟು ಹಾಕುವ ಜಾಗವೂ ಅದೇ ಹಾಲ್. ಕ್ಯೂ ಇರುತ್ತದೆ ಎಂದು ನೀರಿನ ಬಾಟ್ಲಿ ಹಿಡಿದುಕೊಂಡಿದ್ದೆ. ಒಳಗೆ ನೋಡಿದರೆ ಮೇಜಿನ ಹಿಂದೆ ಇಬ್ಬರು, ಮುಂದೆ ಒಬ್ಬ ಮುದುಕ ಮತ್ತು ಅವನ ನಾಯಿ. ಪೊಲೀಸರಿಲ್ಲ, ರಜೆಯೂ ಇಲ್ಲ. ನಮ್ಮೂರಲ್ಲಿ ಸತ್ತವರ ಮನೆಗೂ ಇದಕ್ಕಿಂತ ಹೆಚ್ಚು ಜನ ಬರುತ್ತಾರೆ.

ಗುರುತಿಗೆ ಮುದುಕರಿಗೆ ಕೊಡುವ ಬಸ್ ಪಾಸ್ ತೋರಿಸಿದೆ. ಚೀಟಿ ಕೊಟ್ಟರು. ದಾರ ಕಟ್ಟಿದ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಪೆಟ್ಟಿಗೆಗೆ ಬಿಟ್ಟೆ. ಆಮೇಲೆ ಎಡಗೈಯ ತೋರುಬೆರಳು ಚಾಚಿ ನಿಂತೆ. ಮೇಜಿನ ಹಿಂದಿನ ಹುಡುಗಿ ಗಾಯವಾಗಿದೆ ಎಂದುಕೊಂಡು ಅಂಟಿಸಲು ಪ್ಲಾಸ್ಟರ್ ತೆಗೆದಳು. "ಇಂಕ್" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಇಲ್ಲಿ ಶಾಯಿ ಹಚ್ಚುವುದೇ ಇಲ್ಲವಂತೆ. ಊರಲ್ಲಿ ಓಟಿನ ದಿನ ಸಂಜೆ ಒಬ್ಬರ ಬೆರಳು ಇನ್ನೊಬ್ಬರು ನೋಡುತ್ತೇವೆ. ಇಲ್ಲಿ ಹೋದವರು ಯಾರು, ಹೋಗದವರು ಯಾರು ಎಂದು ತಿಳಿಯುವುದು ಹೇಗೆ ಎಂದು ಯೋಚಿಸುತ್ತಲೇ ಮನೆಗೆ ಬಂದೆ.

ಮರುದಿನ ಅಳಿಯ ಫೋನ್ ನೋಡಿ ಹೇಳಿದ. ಕೆಡವುವವನೇ ಗೆದ್ದಿದ್ದ, ಅದೂ ಬೆರಳಲ್ಲಿ ಎಣಿಸುವಷ್ಟು ಓಟಿನಿಂದ. ನಾನು ನಂಬಲಿಲ್ಲ. ಮಂಗಳವಾರ ಊಟಕ್ಕೆ ಕೂರುವ ನಾವೇ ಅದಕ್ಕಿಂತ ಹೆಚ್ಚು ಜನ.

ಆ ಮಂಗಳವಾರ ಹಾಲ್‌ನಲ್ಲಿ ಎಲ್ಲರೂ ಗೆದ್ದವನನ್ನು ಬೈಯುತ್ತಿದ್ದರು. ಲಿಲ್ಲಿ ಬಾಯಿಯ ದನಿ ಎಲ್ಲರಿಗಿಂತ ಮೇಲೆ.

"ನೀನು ಹೋಗಿದ್ದಿಯಾ ಬಾಯಿ?" ಎಂದು ಕೇಳಿದೆ.

"ಎಂತ ಕೇಳ್ತೀರಿ ಗಿರಿಜಕ್ಕ, ಹೋಗದೆ ಉಂಟಾ? ಕ್ಯೂ ಬೇರೆ. ನಿಂತು ನಿಂತು ಕಾಲು ನೋವು. ಬಟನ್ ಒತ್ತಿದೆ, ಬಂದೆ."

"ಯಾವ ಬಟನ್ ಮಾರಾಯ್ತಿ? ಇಲ್ಲಿ ಪೆನ್ಸಿಲ್ ಕೊಡುವುದು."

ಅವಳು ಅನ್ನ ಕಲಸತೊಡಗಿದಳು. "ಮೊಣಕಾಲು ಗಿರಿಜಕ್ಕ. ನಾನೊಬ್ಬಳು ಹೋಗದಿದ್ರೆ ಎಂತ ಆಗ್ತದೆ ಅಂತ" ಎಂದಳು, ತಟ್ಟೆಗೆ ಹೇಳುವವಳ ಹಾಗೆ.

ಉಳಿದವರನ್ನು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಒಬ್ಬಳಿಗೆ ನೆಗಡಿಯಂತೆ. ಒಬ್ಬಳನ್ನು ಮಗ ಕಾರಿನಲ್ಲಿ ಕರೆದುಕೊಂಡು ಹೋಗಲಿಲ್ಲವಂತೆ. ಒಬ್ಬಳು ಮರೆತೇ ಬಿಟ್ಟಳಂತೆ. ನಾನು ತಟ್ಟೆ ಸರಿಸಿ ಎದ್ದೆ.

ಸಂಜೆ ಮನೆಯಲ್ಲಿ ಬಂಗುಡೆ ಸಾರು ಬಡಿಸುತ್ತ ಆ ಹೆಂಗಸರನ್ನೆಲ್ಲ ಬೈದೆ. ಸುಧಾಕರ ಊಟ ನಿಲ್ಲಿಸಿದ.

"ನಾನು ಹೋಗಿದ್ದೆ ಅತ್ತೆ. ಗೋಡೌನಿನಲ್ಲಿ ಶಿಫ್ಟ್ ಮುಗಿಸಿ ಸೀದಾ ಅಲ್ಲಿಗೇ."

"ನೀನೊಬ್ಬನಾದರೂ ಮನುಷ್ಯ."

"ಹಾಕಿದ್ದು ಗೆದ್ದವನಿಗೆ."

ಸೌಟು ಕೈಯಲ್ಲೇ ನಿಂತಿತು. ನಾನು ಎತ್ತಿ ಆಡಿಸಿದ ಹುಡುಗ ಇವನು.

"ನನ್ನ ಹಾಲ್ ಹೋಗ್ತದೆ ಅಂತ ಗೊತ್ತಿತ್ತಲ್ಲ ನಿನಗೆ?"

"ಗೊತ್ತಿತ್ತು. ಮಕ್ಕಳ ರೂಮಿನ ಗೋಡೆ ನಿಮಗೂ ಗೊತ್ತುಂಟಲ್ಲ."

ಗೊತ್ತಿತ್ತು. ಬಾಡಿಗೆ ಮನೆ, ಗೋಡೆಯೆಲ್ಲ ಕಪ್ಪು ಬೂಸ್ಟು. ಉಜ್ಜುವವಳು ನಾನೇ. ಚಿಕ್ಕವನು ಕೆಮ್ಮಿಗೆ ಬಾಯಿಗೆ ಪಂಪ್ ಹಿಡಿದು ಔಷಧಿ ಎಳೆಯುತ್ತಾನೆ. ಕೌನ್ಸಿಲ್‌ನವರು ಕಡಿಮೆ ಬಾಡಿಗೆಗೆ ಕೊಡುವ ಮನೆಗೆ ಹೆಸರು ಕೊಟ್ಟು ಕಾಯುತ್ತಲೇ ಇದ್ದೇವೆ. ಹಾಲ್ ಕೆಡವಿ ಕಟ್ಟುವ ಫ್ಲ್ಯಾಟೂ ಅಂಥದ್ದೇ.

"ಮತ್ತೆ ನನ್ನ ಹೆಸರು ಯಾಕೆ ಸೇರಿಸಿದ್ದು?"

"ನಿಮ್ಮ ಓಟು ನಿಮ್ಮದಲ್ವಾ ಅತ್ತೆ."

ಇನ್ನೊಂದು ಬಂಗುಡೆ ಅವನ ತಟ್ಟೆಗೆ ಹಾಕಿ ಒಳಗೆ ಹೋದೆ. ಆಮೇಲೆ ಕೆಲವು ದಿನ ಅವನಿಗೆ ಬಡಿಸುವ ಕೆಲಸ ಮಗಳಿಗೇ ಬಿಟ್ಟೆ, ಅದು ಬೇರೆ.

ಹಾಲ್ ಈಗ ಇಲ್ಲ. ಅಲ್ಲಿ ಕ್ರೇನ್ ನಿಂತಿದೆ. ನಮಗೆ ಫ್ಲ್ಯಾಟ್ ಸಿಗುತ್ತದೋ ಇಲ್ಲವೋ ಹೇಳುವವರಿಲ್ಲ. ಮಂಗಳವಾರ ನಾನು ಕಿಟಕಿಯ ಹತ್ತಿರ ಕೂರುತ್ತೇನೆ. ಸುಧಾಕರನ ಮೇಲಿನ ಸಿಟ್ಟು ಇಳಿದಿದೆ. ಆ ಹೆಂಗಸರ ಮೇಲಿನದು ಇಳಿದಿಲ್ಲ, ಇಳಿಯುವುದೂ ಇಲ್ಲ.

ಲಿಲ್ಲಿ ಬಾಯಿ ಆಗಾಗ ಫೋನ್ ಮಾಡುತ್ತಾಳೆ. "ಹೊತ್ತೇ ಹೋಗುದಿಲ್ಲ ಗಿರಿಜಕ್ಕ, ಹಾಲ್ ಇದ್ದಿದ್ರೆ" ಎಂದು ಅಳುತ್ತಾಳೆ.

"ಬಟನ್ ಒತ್ತಿ ನೋಡು" ಎಂದು ಫೋನ್ ಇಡುತ್ತೇನೆ.